ಡಾಕ್ಟರನ್ನು ಗುಮ್ಮ ಮಾಡಬೇಡಿ

‘ಊಟ ಮಾಡ್ತೀಯೋ, ಇಲ್ಲ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೂಜಿ ಹಾಕಿಸ್ಲೋ?’

ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ನಮ್ಮ ಅರಸೀಕೆರೆ ಕಡೆಯ ಮನೆಗಳಲ್ಲಂತೂ ಮಗು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಹೋಂವರ್ಕ್ ಮುಗಿಸದಿದ್ದರೆ ಎಲ್ಲದಕ್ಕೂ ಇದೊಂದೇ ಔಷಧಿ. ಅಜ್ಜಿಯರ ಕಾಲದಲ್ಲಿ ಗುಮ್ಮ ಬರುತ್ತಿದ್ದ. ಆಮೇಲೆ ಪೊಲೀಸ್ ಬಂದ. ಈಗ ಆ ಜಾಗದಲ್ಲಿ ಡಾಕ್ಟರು ಕೂತಿದ್ದಾರೆ. ನಾನೂ ಮನೆಯ ಚಿಕ್ಕಮಕ್ಕಳನ್ನು ಎಷ್ಟೋ ಸಲ ಹೀಗೆ ಹೆದರಿಸಿದ್ದೇನೆ. ಅದರಲ್ಲಿ ತಪ್ಪೇನಿದೆ ಅಂತ ಯೋಚಿಸಿಯೂ ಇರಲಿಲ್ಲ. ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿದ ರಜೆಯಲ್ಲಿ ಆ ಮಾತಿನ ಬೆಲೆ ಎಷ್ಟು ಅಂತ ಗೊತ್ತಾಯಿತು.

ನಮ್ಮ ಚಿಕ್ಕಮ್ಮನ ಮನೆ ಇರುವುದು ಹಳೇಬೀಡಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಬಸ್ಸಿನಲ್ಲಿ ಹೋಗಬೇಕು. ಅವರ ಮಗನಿಗೆ ಏಳು ವರ್ಷ, ಎರಡನೇ ಕ್ಲಾಸು. ನಾವೆಲ್ಲ ಅವನನ್ನು ಪುಟ್ಟ ಅಂತಲೇ ಕರೆಯುವುದು. ನಾನು ಹೋದ ದಿನ ಅವನು ಸ್ವಲ್ಪ ಕುಂಟುತ್ತಿದ್ದ. ಕೇಳಿದರೆ ‘ಬಿದ್ದೆ ಅಕ್ಕ’ ಅಂದ. ಮಾರನೇ ದಿನ ಸ್ನಾನ ಮಾಡಿಸುವಾಗ ಚಿಕ್ಕಮ್ಮ ಬಚ್ಚಲುಮನೆಯಿಂದಲೇ ಕೂಗಿದರು. ಮೀನಖಂಡದ ಮೇಲೆ ಹಲ್ಲಿನ ಗುರುತು, ಒಣಗಿದ ರಕ್ತ. ಎರಡು ದಿನದ ಹಿಂದೆ ಸ್ಕೂಲಿನಿಂದ ಬರುವಾಗ ಬೀದಿನಾಯಿ ಕಚ್ಚಿತ್ತು. ಅವನು ಗಾಯಕ್ಕೆ ಮಣ್ಣು ಮೆತ್ತಿಕೊಂಡು, ಉದ್ದ ಪ್ಯಾಂಟು ಹಾಕಿಕೊಂಡು ಓಡಾಡುತ್ತಿದ್ದ.

‘ಯಾಕೋ ಹೇಳ್ಲಿಲ್ಲ?’ ಅಂದರೆ ಅಳುತ್ತಾ ಹೇಳಿದ್ದು ಇಷ್ಟು: ‘ನಾಯಿ ಕಚ್ಚಿದ್ರೆ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಹಾಕ್ತಾರಂತೆ.’

ಆ ಹದಿನಾಲ್ಕು ಸೂಜಿಯ ಕಥೆ ನಿಜವೇ. ಹಿಂದೆ ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಲಸಿಕೆಯನ್ನು ಹೊಟ್ಟೆಗೆ ದಿನಕ್ಕೊಂದರಂತೆ ಕೊಡುತ್ತಿದ್ದರು. ಆದರೆ ನಮ್ಮ ದೇಶದಲ್ಲಿ 2004ರ ಕೊನೆಗೇ ಅದರ ತಯಾರಿಕೆ ನಿಂತುಹೋಯಿತು. ಅಂದರೆ ನಾನು ಹುಟ್ಟುವ ಮೊದಲೇ ಆ ಲಸಿಕೆ ಹೋಗಿತ್ತು. ಅದರ ಭಯ ಮಾತ್ರ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗನಿಗೆ ಹಾಗೇ ಉಳಿದುಕೊಂಡು ಬಂದಿದೆ.

ರೇಬಿಸ್ ಎಂಥ ಕಾಯಿಲೆ ಅಂತ ನಮಗೆಲ್ಲ ಗೊತ್ತು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಲ್ಲವೇನೋ ಎನ್ನುವಷ್ಟು ಕಡಿಮೆ. ಆದರೆ ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಿಕೊಂಡರೆ ಅದನ್ನು ತಡೆಯಬಹುದು. ಹುಚ್ಚುನಾಯಿ ಇರಬಹುದೆಂಬ ಶಂಕೆಯ ಕಡಿತಗಳಲ್ಲಿ ಸುಮಾರು ಶೇ 40ರಷ್ಟು 15 ವರ್ಷದೊಳಗಿನ ಮಕ್ಕಳಿಗೇ ಆಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳು ಎಷ್ಟೋ ಸಲ ಮನೆಯಲ್ಲಿ ಬಾಯಿ ಬಿಡುವುದೇ ಇಲ್ಲ. ಪುಟ್ಟನಿಗೆ ನಾಯಿಗಿಂತ ಡಾಕ್ಟರ ಭಯವೇ ದೊಡ್ಡದಾಗಿತ್ತು. ಆ ಭಯ ಹುಟ್ಟಿಸಿದವರಲ್ಲಿ ನಾನೂ ಒಬ್ಬಳು. ಎರಡು ದಿನ ಹೋಗಿದ್ದವು. ಆ ಎರಡು ದಿನದ ಲೆಕ್ಕ ಹಾಕುತ್ತಾ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸುಳ್ಳು ಹೇಳಿ ಕರೆದುಕೊಂಡು ಹೋದ ದಿನ

ಮೊದಲ ದಿನ ನಾವು ಮಾಡಿದ್ದೆಲ್ಲ ತಪ್ಪೇ. ‘ಬಾ ಪುಟ್ಟ, ಐಸ್‌ಕ್ರೀಂ ಕೊಡಿಸ್ತೀನಿ’ ಅಂತ ಬಸ್ ಹತ್ತಿಸಿದವಳು ನಾನೇ. ಆಸ್ಪತ್ರೆಯ ಗೇಟು ನೋಡಿದ ತಕ್ಷಣ ಅವನಿಗೆ ಗೊತ್ತಾಯಿತು. ಯಾವ ಆಸ್ಪತ್ರೆ ಅಂತ ಹೇಳುವುದು ಬೇಡ, ಎಲ್ಲ ಕಡೆಯೂ ಪರಿಸ್ಥಿತಿ ಹೆಚ್ಚುಕಮ್ಮಿ ಒಂದೇ. ಚೀಟಿ ಮಾಡಿಸುವ ಕ್ಯೂ, ಅದರ ಎದುರಿಗೇ ಇಂಜೆಕ್ಷನ್ ರೂಮು, ಅದರ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಇನ್ನೊಂದು ಮಗು ಕಿರುಚುತ್ತಿತ್ತು. ನಮ್ಮ ಸರದಿ ಬರುವವರೆಗೆ ಮುಕ್ಕಾಲು ಗಂಟೆ ಪುಟ್ಟ ಅದನ್ನೇ ನೋಡುತ್ತಾ ನಿಂತಿದ್ದ.

ಒಳಗೆ ನಾಲ್ಕು ಜನ ಅವನ ಕೈಕಾಲು ಹಿಡಿದುಕೊಂಡೆವು. ಗಾಯದ ಸುತ್ತ ಕೊಡುವ ಸೀರಂ, ಆಮೇಲೆ ಎರಡೂ ತೋಳಿಗೆ ಲಸಿಕೆ. ‘ಸುಮ್ನಿರು, ಇಲ್ಲಾಂದ್ರೆ ದೊಡ್ಡ ಸೂಜಿ ತರ್ತೀನಿ’ ಅಂತ ಸಿಸ್ಟರ್ ಗದರಿದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಬೆಳಗಿನಿಂದ ನಿಂತೇ ಇದ್ದರು, ನಮ್ಮ ಹಿಂದೆ ಇನ್ನೂ ಮೂವತ್ತು ಜನ ಇದ್ದರು. ನಾವು ಮನೆಯಲ್ಲಿ ಹೇಳುವ ಮಾತನ್ನೇ ಅವರೂ ಹೇಳಿದರು, ಅಷ್ಟೇ.

ವಾಪಸ್ ಬರುವಾಗ ಐಸ್‌ಕ್ರೀಂ ಕೊಡಿಸಿದೆ. ಅವನು ತಿನ್ನಲಿಲ್ಲ. ‘ನೀನು ಸುಳ್ಳು ಹೇಳ್ದೆ’ ಅಂದ. ದಾರಿಯುದ್ದಕ್ಕೂ ಕಿಟಕಿ ಕಡೆ ತಿರುಗಿಕೊಂಡೇ ಕೂತಿದ್ದ.

ಈಗಿನ ಲಸಿಕೆಯನ್ನು ಒಂದೇ ದಿನಕ್ಕೆ ಮುಗಿಸುವಂತಿಲ್ಲ. ಅವನ ಚೀಟಿಯಲ್ಲಿ ಬರೆದಿದ್ದಂತೆ ಮೊದಲ ದಿನದ ನಂತರ 3ನೇ ದಿನ, 7ನೇ ದಿನ, 28ನೇ ದಿನ ಮತ್ತೆ ಹೋಗಬೇಕಿತ್ತು. ಮೂರನೇ ದಿನ ಬೆಳಿಗ್ಗೆ ಪುಟ್ಟ ಕಾಣಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಅಟ್ಟದ ಮೇಲೆ ತೆಂಗಿನಕಾಯಿ ರಾಶಿಯ ಹಿಂದೆ ಸಿಕ್ಕಿದ. ಅಷ್ಟರಲ್ಲಿ ಬಸ್ ಹೋಗಿತ್ತು. ಚಿಕ್ಕಪ್ಪ ಕೆಲಸ ಬಿಟ್ಟು ಬಂದು ಬೈಕಿನಲ್ಲಿ ಕರೆದುಕೊಂಡು ಹೋದರು. ಒಂದು ನಿಮಿಷದ ಇಂಜೆಕ್ಷನ್‌ಗೆ ಇಡೀ ದಿನ ಹೋಯಿತು.

ಯಂತ್ರ ಅದೇ, ಕಥೆ ಬೇರೆ

ಅವತ್ತು ಸಂಜೆ ನನಗೆ ಮೊದಲ ವರ್ಷದ ಕ್ಲಾಸೊಂದು ನೆನಪಾಯಿತು. ವಿಟಿಯುನಲ್ಲಿ ಬಿಇ ಓದುವವರಿಗೆ ‘ಇನೊವೇಷನ್ ಅಂಡ್ ಡಿಸೈನ್ ಥಿಂಕಿಂಗ್’ ಅಂತ ಒಂದು ವಿಷಯ ಇದೆ. ಒಂದೇ ಕ್ರೆಡಿಟ್ಟು, ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದರಲ್ಲಿ ನಮ್ಮ ಮೇಡಂ ಡಗ್ ಡೀಟ್ಜ್ ಎಂಬ ಅಮೆರಿಕದ ವಿನ್ಯಾಸಕಾರನ ಕಥೆ ಹೇಳಿದ್ದರು. ಜಿಇ ಹೆಲ್ತ್‌ಕೇರ್ ಕಂಪನಿಯಲ್ಲಿ ಎಂಆರ್‌ಐ ಯಂತ್ರಗಳ ವಿನ್ಯಾಸ ಮಾಡುತ್ತಿದ್ದವರು ಅವರು. ತಾವು ಮಾಡಿದ ಯಂತ್ರ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡಲು ಒಂದು ಆಸ್ಪತ್ರೆಗೆ ಹೋದಾಗ, ಸ್ಕ್ಯಾನಿಂಗ್‌ಗೆ ಬಂದ ಪುಟ್ಟ ಹುಡುಗಿಯೊಬ್ಬಳು ಆ ಯಂತ್ರ ಕಂಡು ಅಳುವುದನ್ನು ನೋಡಿದರು. ಹೆದರಿ ಅಲುಗಾಡುವ ಮಕ್ಕಳಿಗೆ ಮತ್ತು ಬರಿಸಿಯೇ ಸ್ಕ್ಯಾನ್ ಮಾಡಬೇಕಾಗುತ್ತಿತ್ತು ಎಂಬುದೂ ಅವರಿಗೆ ಗೊತ್ತಾಯಿತು.

ಅವರು ಯಂತ್ರದ ಒಳಗಿನದ್ದೇನನ್ನೂ ಬದಲಿಸಲಿಲ್ಲ. ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆಯಲ್ಲಿ ಆ ಕೋಣೆಯ ಗೋಡೆ, ನೆಲ, ಯಂತ್ರದ ಮೇಲೆಲ್ಲ ಚಿತ್ರ ಬರೆಸಿ ಅದನ್ನು ಕಡಲುಗಳ್ಳರ ಹಡಗು ಮಾಡಿದರು. ‘ಹಡಗಿನಲ್ಲಿ ಅಲುಗಾಡದೆ ಮಲಗಿರಬೇಕು’ ಅಂತ ಮಗುವಿಗೆ ಕಥೆ ಹೇಳಿಕೊಡಲು ಅಲ್ಲಿನ ಸಿಬ್ಬಂದಿಗೂ ಕಲಿಸಿದರು. ಮತ್ತು ಬರಿಸಬೇಕಾದ ಮಕ್ಕಳ ಸಂಖ್ಯೆ ತುಂಬಾ ಕಡಿಮೆಯಾಯಿತು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದ ಈ ಕಥೆ, ಅಟ್ಟದ ಮೇಲೆ ಅಡಗಿದ್ದ ಪುಟ್ಟನನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ಸೂಜಿಯನ್ನು ನಾನು ಬದಲಿಸಲಾರೆ. ಅಲ್ಲಿಗೆ ಹೋಗುವ ದಾರಿಯನ್ನಂತೂ ಬದಲಿಸಬಹುದಲ್ಲ?

ಏಳನೇ ದಿನದ ಹಿಂದಿನ ರಾತ್ರಿ ಜಗಲಿ ಮೇಲೆ ಕೂರಿಸಿಕೊಂಡು ಮೊದಲು ತಪ್ಪೊಪ್ಪಿಕೊಂಡೆ. ‘ಅವತ್ತು ಸುಳ್ಳು ಹೇಳಿದ್ದು ತಪ್ಪು ಕಣೋ. ಇನ್ಮೇಲೆ ಹೇಳಲ್ಲ’ ಅಂದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ‘ನಾಳೆ ಎರಡು ಸೂಜಿ. ಒಂದೊಂದು ತೋಳಿಗೆ ಒಂದೊಂದು. ಹೊಟ್ಟೆಗೆ ಇಲ್ಲ. ಕೆಂಜಿರುವೆ ಕಚ್ಚಿದ ಹಾಗೆ ನೋಯುತ್ತೆ, ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ. ನಾಯಿ ಬಾಯಲ್ಲಿರೋ ಕಾಯಿಲೆ ಬಂದ್ರೆ ಹೆಂಗೆ ಜಗಳ ಆಡ್ಬೇಕು ಅಂತ ಆ ಔಷಧಿ ನಿನ್ನ ಮೈಗೆ ಕಲಿಸಿಕೊಡುತ್ತೆ.’ ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಅಳಬಹುದಾ?’ ‘ಅಳಬಹುದು, ಕೈ ಮಾತ್ರ ಅಲ್ಲಾಡಿಸಬಾರದು’ ಅಂದೆ.

ನನ್ನ ತೋಳಿನ ಬಿಸಿಜಿ ಕಲೆ ತೋರಿಸಿದೆ. ತನ್ನ ತೋಳಿನಲ್ಲೂ ಅಂಥದ್ದೇ ಕಲೆ ಹುಡುಕಿಕೊಂಡ. ಹೀಗೆ ತೋಳು ತೋರಿಸಿ ಧೈರ್ಯ ತುಂಬುವುದು ನಮ್ಮ ನಾಡಿಗೆ ಹೊಸದೇನಲ್ಲ ಅಂತ ನನಗೆ ಆಮೇಲೆ ತಿಳಿಯಿತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಎಂಬ ಕಲಾವಿದ ಮೈಸೂರು ಅರಮನೆಯ ಮೂವರು ರಾಣಿಯರ ಚಿತ್ರ ಬರೆದಿದ್ದಾನೆ. ಅದರಲ್ಲಿ ಒಬ್ಬರು ಸೆರಗು ಸರಿಸಿ, ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರರು ವಿವರಿಸುತ್ತಾರೆ. ಜನ ಹೊಸ ಲಸಿಕೆಗೆ ಹೆದರುತ್ತಿದ್ದ ಕಾಲ ಅದು. ನಂಬಿದವರು ತಾವೇ ಮುಂದೆ ಬಂದು ತೋರಿಸಿದರೆ ಭಯ ಕಡಿಮೆಯಾಗುತ್ತದೆ ಎಂಬುದು ಇನ್ನೂರು ವರ್ಷದ ಹಿಂದೆಯೇ ಗೊತ್ತಿತ್ತು.

ಮನೆಯಲ್ಲಿ ಟಾನಿಕ್ ಕೊಡುವ, ಸೂಜಿಯಿಲ್ಲದ ಸಿರಿಂಜ್ ಇತ್ತು. ಪುಟ್ಟ ಡಾಕ್ಟರಾದ, ನಾನು ಪೇಷಂಟು. ಆ ರಾತ್ರಿ ನನಗೆ ಹನ್ನೊಂದು ಇಂಜೆಕ್ಷನ್ ಬಿತ್ತು. ‘ಅಳಬೇಡ, ಆಯ್ತು ಆಯ್ತು’ ಅಂತ ಅವನೇ ಸಮಾಧಾನ ಹೇಳಿದ. ಬೆಳಿಗ್ಗೆ ಚಿಕ್ಕಪ್ಪ ತೆಂಗಿನ ಗರಿಯಲ್ಲಿ ಒಂದು ಗಿರಗಿಟ್ಲೆ ಮಾಡಿಕೊಟ್ಟರು.

ಆಸ್ಪತ್ರೆಯಲ್ಲಿ ಕ್ಯೂ ಅಷ್ಟೇ ಉದ್ದ ಇತ್ತು. ನಾನು ಕ್ಯೂನಲ್ಲಿ ನಿಂತೆ, ಚಿಕ್ಕಮ್ಮ ಅವನನ್ನು ಹೊರಗೆ ಮರದ ಕೆಳಗೆ ಕೂರಿಸಿಕೊಂಡಿದ್ದರು. ಸರದಿ ಬಂದಾಗ ಕರೆದೆ. ‘ಸಿಸ್ಟರ್, ಇವನು ಬಲಗೈಗೆ ಮೊದಲು ಹಾಕಿ ಅಂತಾನೆ’ ಅಂದೆ. ಅದೇ ಸಿಸ್ಟರ್ ನಕ್ಕು, ‘ಆಯ್ತಪ್ಪ, ನೀನು ಹೇಳಿದಂಗೇ. ಯಾವ ಕ್ಲಾಸು?’ ಅಂದರು. ಅಮ್ಮನ ತೊಡೆ ಮೇಲೆ ಕೂತು ಅವನು ಗಿರಗಿಟ್ಲೆ ಊದಿದ. ಕಣ್ಣಲ್ಲಿ ನೀರು ಬಂತು. ಕೈ ಎಳೆದುಕೊಳ್ಳಲಿಲ್ಲ. ಯಾರೂ ಹಿಡಿದುಕೊಳ್ಳಬೇಕಾಗಲೂ ಇಲ್ಲ.

ನಾನು ಯಾವ ದೊಡ್ಡ ಸಂಶೋಧನೆಯನ್ನೂ ಮಾಡಿಲ್ಲ. ನಾನು ಕಂಡಿದ್ದು ಒಂದು ಮಗುವನ್ನು ಮಾತ್ರ. ಆದರೆ ಲಸಿಕೆ ಹಾಕುವಾಗ ನೋವು ಕಡಿಮೆ ಮಾಡುವುದು ಹೇಗೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಸಲಹೆಗಳನ್ನು ಆಮೇಲೆ ಓದಿದಾಗ ಆಶ್ಚರ್ಯವಾಯಿತು. ಮನೆಯವರು ಜೊತೆಗಿರಲಿ. ಚಿಕ್ಕಮಕ್ಕಳನ್ನು ಮಲಗಿಸಿ ಅದುಮಿ ಹಿಡಿಯುವ ಬದಲು ತೊಡೆಯ ಮೇಲೆ ಕೂರಿಸಿಕೊಳ್ಳಿ. ಹಸುಗೂಸಿಗೆ ಆ ಹೊತ್ತಿಗೆ ಎದೆಹಾಲು ಕೊಡಿ. ಒಂದಕ್ಕಿಂತ ಹೆಚ್ಚು ಇಂಜೆಕ್ಷನ್ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಿ. ಆಟಿಕೆ, ಹಾಡು ಏನಾದರೂ ಕೊಟ್ಟು ಪುಟ್ಟ ಮಕ್ಕಳ ಗಮನ ಬೇರೆ ಕಡೆ ಸೆಳೆಯಿರಿ. ‘ನೋವೇ ಆಗಲ್ಲ’ ಅಂತ ಸುಳ್ಳು ಹೇಳಬೇಡಿ. ಇದರಲ್ಲಿ ಯಾವುದಕ್ಕೂ ದುಡ್ಡು ಬೇಡ.

‘ನಾವೆಲ್ಲ ಅತ್ತೇ ದೊಡ್ಡವರಾದ್ವಿ’

ಇದನ್ನೆಲ್ಲ ಹೇಳಿದಾಗ ನಮ್ಮ ಮಾವ ನಕ್ಕರು. ‘ನಾವೆಲ್ಲ ಅತ್ತೇ ದೊಡ್ಡವರಾದ್ವಿ, ಏನಾಯ್ತು?’ ಅಂದರು. ಏನಾಯಿತು ಅಂತ ನನಗೆ ಗೊತ್ತು. ನಮ್ಮ ಕಾಲೇಜಿನಲ್ಲಿ ರಕ್ತದಾನ ಶಿಬಿರ ನಡೆದ ದಿನ ದೊಡ್ಡ ದೊಡ್ಡ ಹುಡುಗರು ‘ತಿಂಡಿ ತಿಂದಿಲ್ಲ’ ಅಂತ ನೆಪ ಹೇಳಿ ಕ್ಯಾಂಟೀನ್ ಕಡೆ ಓಡುವುದನ್ನು ನೋಡಿದ್ದೇನೆ. ಹಲ್ಲುನೋವಿಗೆ ಆರು ತಿಂಗಳು ಲವಂಗ ಇಟ್ಟುಕೊಂಡು ಓದುವ ರೂಂಮೇಟ್ ನನಗಿದ್ದಾಳೆ. ಚಿಕ್ಕಂದಿನ ಹೆದರಿಕೆ ದೊಡ್ಡವರಾದ ಮೇಲೆ ‘ಟೈಮ್ ಇಲ್ಲ’, ‘ತಾನಾಗೇ ವಾಸಿಯಾಗುತ್ತೆ’ ಅಂತ ಹೆಸರು ಬದಲಿಸಿಕೊಳ್ಳುತ್ತದೆ.

‘ಇಷ್ಟೆಲ್ಲ ನಯವಾಗಿ ಮಾತಾಡೋಕೆ ಆಸ್ಪತ್ರೆಯಲ್ಲಿ ಟೈಮ್ ಎಲ್ಲಿರುತ್ತೆ?’ ಅನ್ನುವುದು ಇನ್ನೊಂದು ಮಾತು. ಅದು ನ್ಯಾಯವಾದ ಪ್ರಶ್ನೆಯೇ. ಸಿಬ್ಬಂದಿ ಕಡಿಮೆ, ಜನ ಜಾಸ್ತಿ. ಆದರೆ ನಾಲ್ಕು ಜನ ಹಿಡಿದುಕೊಂಡು ಹೋರಾಡಿದ ಮೊದಲ ದಿನಕ್ಕಿಂತ ಏಳನೇ ದಿನ ನಾವು ಬೇಗ ಹೊರಗೆ ಬಂದೆವು. ಮಾತಾಡುವ ಕೆಲಸದ ಮುಕ್ಕಾಲು ಭಾಗ ಮನೆಯಲ್ಲೇ ಮುಗಿದಿತ್ತು. ಅದು ಮನೆಯವರ ಕೆಲಸ. ಅದನ್ನು ಸಿಸ್ಟರ್ ತಲೆಗೆ ಕಟ್ಟಬೇಕಾಗಿಲ್ಲ.

ತಾಯಿ ಕಾರ್ಡ್ ತೆಗೆದು ನೋಡಿ. ಹುಟ್ಟಿದಾಗ, 6, 10, 14ನೇ ವಾರ, 9ನೇ ತಿಂಗಳು, 16ರಿಂದ 24 ತಿಂಗಳೊಳಗೆ, 5ನೇ ವರ್ಷ, ಆಮೇಲೆ 10 ಮತ್ತು 16ನೇ ವರ್ಷ. ಮಗು ಆಸ್ಪತ್ರೆಗೆ ಹೋಗುವುದೇ ಚುಚ್ಚಿಸಿಕೊಳ್ಳಲು ಅಂತಾದರೆ ಅದಕ್ಕೆ ಡಾಕ್ಟರ ಮೇಲೆ ಪ್ರೀತಿ ಹೇಗೆ ಬಂದೀತು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರುಗಳ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಸೂಜಿ ಇಲ್ಲದೆ ಡಾಕ್ಟರನ್ನು ನೋಡುವ ಅವಕಾಶ ಮಕ್ಕಳಿಗೆ ಅದೊಂದೇ. ಆ ದಿನ ಸ್ಟೆತೊಸ್ಕೋಪನ್ನು ಒಂದೊಂದು ಮಗುವಿನ ಕಿವಿಗೂ ಇಟ್ಟು ಅದರ ಎದೆಬಡಿತ ಅದಕ್ಕೇ ಕೇಳಿಸಿದರೆ ಎಷ್ಟು ಚೆನ್ನ.

ನಾವೇನು ಮಾಡಬಹುದು?

ಈ ಪುಟ ಓದುವವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರು. ನಮಗಿನ್ನೂ ಮಕ್ಕಳಿಲ್ಲ, ಇದು ನಮ್ಮ ವಿಷಯ ಅಲ್ಲ ಅನ್ನಿಸಬಹುದು. ಆದರೆ ಮನೆಯಲ್ಲಿ ಅಕ್ಕನ ಮಗು, ಪಕ್ಕದ ಮನೆಯ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಯಾರು? ರಜೆಯಲ್ಲಿರುವ, ಕೆಲಸ ಹುಡುಕುತ್ತಿರುವ ನಾವೇ. ‘ಖಾಲಿ ಕೂತಿದ್ದೀಯಲ್ಲ, ಹೋಗಿ ಬಾ’ ಅಂತ ಕಳಿಸುವುದು ನಮ್ಮನ್ನೇ.

ಇಂಜಿನಿಯರಿಂಗ್ ಗೆಳೆಯರಿಗೆ ಇನ್ನೂ ಒಂದು ಮಾತು. ಡಿಗ್ರಿ ಮುಗಿಯುವುದರೊಳಗೆ ನಾವು ಎಐಸಿಟಿಇಯ 100 ಆ್ಯಕ್ಟಿವಿಟಿ ಪಾಯಿಂಟ್ ಸಂಪಾದಿಸಬೇಕು. ಅದಕ್ಕಾಗಿ ಒಂದು ಗಿಡ ನೆಟ್ಟು ಹತ್ತು ಜನ ಫೋಟೊ ತೆಗೆಸಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬದಲು ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ವೈದ್ಯಾಧಿಕಾರಿಯನ್ನು ಕೇಳಿ. ಇಂಜೆಕ್ಷನ್ ರೂಮಿನ ಬಾಗಿಲಿಗೆ ಒಂದು ಪರದೆ, ಅಮ್ಮ ಮಗು ಕೂರಲು ಒಂದು ಕುರ್ಚಿ, ಸೂಜಿಯ ಟ್ರೇ ಮಗುವಿನ ಕಣ್ಣಿಗೆ ಬೀಳದಂತೆ ಒಂದು ಮರೆ, ಗೋಡೆಗೆ ಒಂದು ಚಿತ್ರ. ನಮ್ಮ ಸೀಮೆಯಲ್ಲಿ ಚಿತ್ರಕ್ಕೆ ಬರವೇ? ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಕುದುರೆ, ಮಕರ, ಹಂಸ ಇವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೊ ಪಟ್ಟಿ ಸೇರಿದಾಗ ಹೆಮ್ಮೆಯಿಂದ ಸ್ಟೇಟಸ್ ಹಾಕಿದವರು ನಾವು. ಆ ಆನೆಗಳ ಸಾಲೊಂದನ್ನು ಆಸ್ಪತ್ರೆಯ ಗೋಡೆಗೆ ಮಗುವಿನ ಕಣ್ಣಿನ ಎತ್ತರದಲ್ಲಿ ಬರೆದರೆ, ‘ಎಷ್ಟು ಆನೆ ಇದೆ, ಎಣಿಸು’ ಅನ್ನುವಷ್ಟರಲ್ಲಿ ಇಂಜೆಕ್ಷನ್ ಮುಗಿದಿರುತ್ತದೆ. ಬಣ್ಣದ ಖರ್ಚಿಗೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯನ್ನು ಕೇಳಿ ನೋಡಬಹುದು. ನಾನು ಮತ್ತು ನನ್ನ ಮೂವರು ಗೆಳತಿಯರು ಈ ರಜೆಯಲ್ಲಿ ಕೇಳುವವರಿದ್ದೇವೆ. ಏನಂತಾರೋ ನೋಡಬೇಕು.

ಇದೆಲ್ಲ ಆಗದಿದ್ದರೂ ಒಂದನ್ನಂತೂ ಇವತ್ತಿನಿಂದಲೇ ಮಾಡಬಹುದು. ನಮ್ಮ ಮನೆಯಲ್ಲಿ ಯಾರಾದರೂ ‘ಸೂಜಿ ಹಾಕಿಸ್ತೀನಿ’ ಅಂತ ಮಗುವನ್ನು ಹೆದರಿಸಿದರೆ, ಅಜ್ಜಿಯೇ ಆಗಿರಲಿ ಅಪ್ಪನೇ ಆಗಿರಲಿ, ‘ಹಂಗೆ ಹೇಳ್ಬೇಡಿ’ ಅನ್ನೋಣ.

28ನೇ ದಿನ ನನಗೆ ಹಾಸನದಲ್ಲಿ ಇಂಟರ್ನಲ್ಸ್ ಇತ್ತು, ಹೋಗಲಾಗಲಿಲ್ಲ. ‘ಅಮ್ಮ, ನಾಳೆ ಕೊನೇ ಸೂಜಿ’ ಅಂತ ಚೀಟಿ ನೋಡಿ ಅವನೇ ನೆನಪಿಸಿದನಂತೆ. ಪುಟ್ಟ ಈಗ ಚೆನ್ನಾಗಿದ್ದಾನೆ. ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ದರು. ಆಟ ಆಡುವಾಗ ಅವನ ಕಾಲಿಗೆ ತುಕ್ಕು ಹಿಡಿದ ಮೊಳೆ ಚುಚ್ಚಿದೆ. ಮನೆಗೆ ಬಂದವನೇ ಬ್ಯಾಗ್ ಇಳಿಸುವ ಮೊದಲೇ ಹೇಳಿದನಂತೆ: ‘ಅಮ್ಮ, ಕಾಲಿಗೆ ಮೊಳೆ ಚುಚ್ತು. ಆಸ್ಪತ್ರೆಗೆ ಹೋಗ್ಬೇಕು.’